ಎಡಗಡೆಯ ಚಕ್ರ

ಮೊದಲ ಸಲ ಸ್ಟೇರಿಂಗು ನಡುಗಿದ್ದು ಒಂದು ಸೋಮವಾರ ಬೆಳಿಗ್ಗೆ, ನದಿಯ ಸೇತುವೆ ದಾಟಿ ಕಾರು ಅರವತ್ತರ ವೇಗ ಮುಟ್ಟಿದಾಗ. ಕಿಟಕಿ ಪರದೆ ಹೊಲಿದು, ಮನೆಮನೆಗೆ ಹೋಗಿ ಕಟ್ಟಿ ಬರುವುದು ಕಾರು ಓಡಿಸುತ್ತಿದ್ದ ಸೊಸೆಯ ಕಸುಬು. ಹಿಂದಿನ ಸೀಟಿನ ತುಂಬ ಬಟ್ಟೆಯ ಸುರುಳಿ, ಕಂಬಿ, ಗೋಡೆ ಕೊರೆಯುವ ಮಷೀನು. ಅವುಗಳ ಸಂದಿಯಲ್ಲಿ, ಶಾಲೆಗೆ ಹೊರಟ ಏಳು ವರ್ಷದ ಮಗಳು ಪುಟ್ಟಿ.

"ಅಮ್ಮಾ, ಕಾರಿಗೆ ಚಳಿಯಾಗ್ತಾ ಇದೆ," ಎಂದಳು ಪುಟ್ಟಿ.

ಅವಳು ವೇಗ ತಗ್ಗಿಸಿದಳು. ಐವತ್ತಕ್ಕೆ ಇಳಿದಾಗ ನಡುಕ ನಿಂತಿತು. ಅರವತ್ತಕ್ಕೆ ಏರಿಸಿದರೆ ಮತ್ತೆ ಶುರು. ರಸ್ತೆ ನುಣ್ಣಗಿತ್ತು, ಗಾಳಿ ಇರಲಿಲ್ಲ. ಕೆಳಗಿನಿಂದ ಯಾರೋ ಸ್ಟೇರಿಂಗು ಹಿಡಿದು, ಇತ್ತ ನೋಡು ಎಂದು ಮೆಲ್ಲಗೆ ಅಲ್ಲಾಡಿಸುತ್ತಿದ್ದ ಹಾಗಿತ್ತು. ಮಗಳನ್ನು ಇಳಿಸಿ, ಅವತ್ತಿನ ಎರಡು ಮನೆಗಳ ಪರದೆ ಕಟ್ಟಿ, ಐವತ್ತರ ಆಚೆ ಹೋಗದೆ ಮನೆ ಸೇರಿದಳು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ವಿಷಯ ತೆಗೆದಳು. ಅತ್ತೆ ಆಲೂಗಡ್ಡೆ ಬಟಾಣಿ ಬೇಯಿಸಿ ದೊಡ್ಡ ಪಾತ್ರೆಯಲ್ಲಿ ತಂದಿಟ್ಟಿದ್ದರು.

"ಅರವತ್ತಕ್ಕೆ ಹೋದ್ರೆ ಸ್ಟೇರಿಂಗು ಗಡಗಡ ಅನ್ನತ್ತೆ."

"ಹಾಗಾದ್ರೆ ಅರವತ್ತಕ್ಕೆ ಹೋಗಬೇಡ," ಎಂದ ಗಂಡ. ಕಾಗದದ ಕಾರ್ಖಾನೆಯಲ್ಲಿ ಅವನದು ಪಾಳಿ ಕೆಲಸ, ಹೋಗಿಬರುವುದು ಕಂಪನಿ ಬಸ್ಸಿನಲ್ಲಿ. ಕಾರಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಬಾಗಿಲು ತೆಗೆಯುವುದು ಮತ್ತು ಹಾಕುವುದು, ಅದರಲ್ಲೂ ಹಾಕುವಾಗ ಎರಡು ಸಲ ಬಡಿಯಬೇಕು.

ಮಾವ ಮಾತ್ರ ತಟ್ಟೆಯಿಂದ ಮುಖ ಎತ್ತಿದರು. "ಸೀಟು ನಡುಗತ್ತೋ, ಸ್ಟೇರಿಂಗೋ?"

"ಸ್ಟೇರಿಂಗು, ಮಾವ."

"ಸೀಟು ನಡುಗಿದ್ರೆ ಹಿಂದಿನ ಚಕ್ರ. ಸ್ಟೇರಿಂಗು ನಡುಗಿದ್ರೆ ಮುಂದಿನದು. ಒಂದೇ ವೇಗಕ್ಕೆ ನಡುಗಿದ್ರೆ ಬ್ಯಾಲೆನ್ಸು ತಪ್ಪಿದೆ. ಎಲ್ಲಾ ವೇಗಕ್ಕೂ ನಡುಗಿದ್ರೆ ಇಳಿದು ನೋಡ್ಬೇಕು, ಕೂತಿರಬಾರದು." ಇಷ್ಟು ಹೇಳಿದವರು, ಬಟಾಣಿ ಚಮಚದಲ್ಲಿ ಎತ್ತಿ, ಇದು ಏನು ಎನ್ನುವಂತೆ ಹೆಂಡತಿಯ ಮುಖ ನೋಡಿದರು.

ಮೂವತ್ತೊಂದು ವರ್ಷ ಅವರು ಬಸ್ ಡಿಪೋದಲ್ಲಿ ಚಕ್ರದ ಕೆಲಸದವರಾಗಿದ್ದರು. ಬೆಳಗಿನ ಬಸ್ಸು ಹೊರಡುವ ಮೊದಲು ಒಂದೊಂದು ನಟ್ಟಿಗೂ ಸುತ್ತಿಗೆಯಿಂದ ತಟ್ಟಿ, ನಾದ ಕೇಳಿ, ಸಡಿಲವಾಗಿದ್ದರೆ ಬಿಗಿ ಮಾಡಿ ಸೀಟಿ ಊದಬೇಕು; ಆ ಸೀಟಿ ಕೇಳದೆ ಯಾವ ಡ್ರೈವರನೂ ಗೇರು ಹಾಕುತ್ತಿರಲಿಲ್ಲ. ಅವರ ಕಾಲದಲ್ಲಿ ಒಂದು ಬಸ್ಸಿನ ಒಂದು ಚಕ್ರವೂ ಕಳಚಿರಲಿಲ್ಲ. ಈಗ ಅವರ ತಲೆಯೊಳಗಿನ ದಿನಗಳು ಒಂದರಮೇಲೊಂದು ಬಿದ್ದು ಕಲಸಿಹೋಗಿದ್ದವು. ಹೋದ ತಿಂಗಳು ಮುಚ್ಚಿಹೋದ ಡಿಪೋದ ಗೇಟಿನ ಮುಂದೆ ನಾಲ್ಕು ಗಂಟೆ ನಿಂತಿದ್ದರು. ಆಮೇಲೊಂದು ದಿನ ಗ್ಯಾಸು ಹಚ್ಚಿ, ಬೆಂಕಿಕಡ್ಡಿ ಪೆಟ್ಟಿಗೆಯನ್ನು ಅದರ ಪಕ್ಕದಲ್ಲೇ ಇಟ್ಟು ಮಲಗಿದ್ದರು. ಅವತ್ತೇ ಹಿರಿಮಗ, ಅಂದರೆ ಅವಳ ಗಂಡ, ವೃದ್ಧರ ಆರೈಕೆ ಕೇಂದ್ರವೊಂದರಿಂದ ಅರ್ಜಿ ತಂದು, "ಇನ್ನೊಂದು ಸಲ ಇಂಥದ್ದೇನಾದ್ರೂ ಆದ್ರೆ ಸಹಿ ಹಾಕಿಬಿಡ್ತೀನಿ. ಮನೇಲಿ ಮಗು ಇದೆ," ಎಂದಿದ್ದ. ಅತ್ತೆ ಅವನೊಂದಿಗೆ ಜಗಳಕ್ಕಿಳಿಯಲಿಲ್ಲ. ಅರ್ಜಿಯನ್ನು ಮಡಿಸಿ ಹಿಟ್ಟಿನ ಡಬ್ಬದ ಕೆಳಗಿಟ್ಟರು. ಅಂದಿನಿಂದ ಗಂಡನನ್ನು ನೆರಳಿನಂತೆ ಹಿಂಬಾಲಿಸುತ್ತಿದ್ದರು.

"ಕಾರು ನನ್ನ ಕೈಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ರಿಪೇರಿ ಆಗಿರ್ತಿತ್ತು," ಎಂದ ಮೈದುನ. ಲಿಫ್ಟ್ ರಿಪೇರಿ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಸಂಜೆ ಹೊತ್ತು ಕಾರನ್ನು ಬಾಡಿಗೆಗೆ ಓಡಿಸುತ್ತೇನೆಂದು ಅವನು ಕೇಳಿದ್ದ, ಅವಳು ಕೊಟ್ಟಿರಲಿಲ್ಲ.

"ನಿನ್ನ ಕೈಗೆ ಕೊಟ್ಟಿದ್ರೆ ಕಾರೇ ಇರ್ತಿರಲಿಲ್ಲ."

"ಆಯ್ತು ಅತ್ತಿಗೆ. ಅದು ಎಲ್ಲಾದ್ರೂ ಒಯ್ದು ನಿಮ್ಮನ್ನ ಬಿಸಾಕ್ಲಿ, ಆಗ ನೆನೆಸ್ಕೊಳ್ಳಿ ನನ್ನ."

ಪುಟ್ಟಿಯೊಬ್ಬಳೇ ನಕ್ಕಳು. ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸಿದರು.

ಗ್ಯಾರೇಜಿನವನು ಮಾತಿನ ಮಲ್ಲ. ಮುಂದಿನ ಚಕ್ರ ಬಿಚ್ಚಿ ಮಷೀನಿಗೆ ಏರಿಸಿ, ಗಿರಗಿರನೆ ತಿರುಗಿಸಿ, ಅಂಚಿಗೆ ಎರಡು ಸೀಸದ ತುಂಡು ಬಡಿದ. "ಬ್ಯಾಲೆನ್ಸು ಹೋಗಿತ್ತು ಅಕ್ಕ. ಇನ್ನು ಕೂತು ಕಾಫಿ ಕುಡಿಬಹುದು, ತುಳುಕಲ್ಲ," ಎಂದ. ನಿಜಕ್ಕೂ ನಾಲ್ಕು ದಿನ ತುಳುಕಲಿಲ್ಲ. ಐದನೆಯ ದಿನ ಸೇತುವೆಯ ಮೇಲೆ ಸ್ಟೇರಿಂಗು ಮತ್ತೆ ನಡುಗಿತು, ಈ ಸಲ ಐವತ್ತಕ್ಕೇ.

ಮತ್ತೆ ಗ್ಯಾರೇಜು. ಅವನು ಅಲೈನ್‌ಮೆಂಟ್ ನೋಡಿದ, ಎಡ ಮುಂದಿನ ಚಕ್ರ ಕೂದಲೆಳೆಯಷ್ಟು ಹೊರಕ್ಕೆ ಓರೆಯಾಗಿದೆ ಎಂದ, ಸರಿಮಾಡಿದ, ಮುಂದಿನ ಟೈರು ಹಿಂದಕ್ಕೂ ಹಿಂದಿನದು ಮುಂದಕ್ಕೂ ಹಾಕಿದ. ಮತ್ತೆ ನಾಲ್ಕು ದಿನ ನೆಮ್ಮದಿ. ಆಮೇಲೆ ನಲವತ್ತಕ್ಕೆ ನಡುಕ. ಸರಿಮಾಡಿದಷ್ಟೂ ರೋಗ ಕೆಳಗಿನ ವೇಗಕ್ಕೆ ಇಳಿಯುತ್ತಿತ್ತು. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಬೆಳಿಗ್ಗೆ ಪುಟ್ಟಿಯನ್ನು ಕಾರಿಗೆ ಹತ್ತಿಸಲು ಹೋದರೆ ಅತ್ತೆ ಅಡ್ಡ ಬರುತ್ತಿದ್ದರು. ಒಂದು ದಿನ ಮಗುವಿನ ಹಣೆ ಬಿಸಿ ಎಂದರು. ಇನ್ನೊಂದು ದಿನ, ಕಾರಿನ ವಾಸನೆಗೆ ಅದಕ್ಕೆ ವಾಂತಿ ಬರುತ್ತದೆ ಎಂದರು. ಮೂರನೆಯ ದಿನ ಕಾರಣ ಹೇಳುವ ಗೋಜಿಗೇ ಹೋಗದೆ, ಚೀಲ ಹೆಗಲಿಗೆ ಹಾಕಿ, ಮಗುವಿನ ಕೈಹಿಡಿದು ಹೊರಟೇಬಿಟ್ಟರು. ಶಾಲೆಗೆ ಅರ್ಧ ಗಂಟೆಯ ನಡಿಗೆ. ಮೆಟ್ಟಿಲು ಹತ್ತಬೇಕಾದರೆ ಮಂಡಿ ಹಿಡಿದುಕೊಂಡು ನಾಲ್ಕು ಸಲ ಉಸ್ಸೆನ್ನುವ ಹೆಂಗಸು ಹೋಗುತ್ತ ಬರುತ್ತ ಒಂದು ಗಂಟೆ ನಡೆದರು. ಮರುದಿನವೂ ನಡೆದರು.

"ನಾನು ಕಾರಲ್ಲಿ ಬಿಡ್ತೀನಲ್ಲ ಅತ್ತೆ, ನಿಮಗ್ಯಾಕೆ ಈ ಒದ್ದಾಟ?"

"ಡಾಕ್ಟರು ನಡೀರಿ ಅಂದಿದಾರೆ."

"ಯಾವಾಗ ಅಂದ್ರು?"

"ಅಂದ್ರು. ನೀನು ನಿನ್ನ ಕೆಲಸಕ್ಕೆ ಹೋಗು."

ಇನ್ನೊಂದು, ಶಬ್ದದ ಕತೆ. ಬೆಳಗಿನ ಅರೆನಿದ್ದೆಯಲ್ಲಿ ಅವಳಿಗೆ ಗೋಡೆಯಾಚೆಯಿಂದ ಠಣ್, ಠಣ್ ಎಂದು ಕೇಳುತ್ತಿತ್ತು. ನಾಲ್ಕು ಸಲ ಬಡಿತ, ಸ್ವಲ್ಪ ಬಿಡುವು, ಮತ್ತೆ ನಾಲ್ಕು. ಎಣಿಸುತ್ತ ಎಣಿಸುತ್ತ ಅವಳು ಮತ್ತೆ ನಿದ್ದೆಗೆ ಜಾರುತ್ತಿದ್ದಳು. ಕೇಳಿದಾಗ ಅತ್ತೆ, "ನೀರಿನ ಪೈಪು. ಬಿಸಿಲೇರೋವಾಗ ಹಿಗ್ಗತ್ತೆ," ಎಂದರು. ಬಿಸಿಲೇರುವ ಹೊತ್ತಾಗಿರಲಿಲ್ಲ ಅದು. ಆದರೆ ಅಡಿಗೆಮನೆಯಲ್ಲಿ ಟೀ ಉಕ್ಕುತ್ತಿತ್ತು, ಅವಳೂ ಬೆನ್ನು ಹತ್ತಲಿಲ್ಲ.

ಮೂರನೆಯ ವಾರ, ಬುಧವಾರ. ಸೇತುವೆಯ ಇಳಿಜಾರಿನಲ್ಲಿ ಕಾರು ಮೊದಲು ನಡುಗಿತು, ಆಮೇಲೆ ಟಕ್ ಟಕ್ ಎಂದು ಬಡಿಯತೊಡಗಿತು, ಆಮೇಲೆ ಇಡೀ ಮೂತಿ ಎಡಕ್ಕೂ ಬಲಕ್ಕೂ ತುಯ್ದಾಡಿತು. ಹಿಂದಿದ್ದ ಲಾರಿ ಹಾರ್ನು ಹೊಡೆಯುತ್ತ ಪಕ್ಕದಲ್ಲೇ ಸುಯ್ಯೆಂದು ಹೋಯಿತು. ಅವಳು ಬ್ರೇಕು ತುಳಿಯಲಿಲ್ಲ. ಕಾಲು ತೆಗೆದು, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅವುಚಿ ಹಿಡಿದು, ಕಾರು ತಾನಾಗಿ ಸುಸ್ತಾಗುವವರೆಗೆ ಕಾದಳು. ಸೇತುವೆಯ ಕಟಕಟೆಗೆ ಒಂದು ಗೇಣು ಇರುವಾಗ ಅದು ನಿಂತಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರ ಓರೆಯಾಗಿ ನಿಂತಿತ್ತು. ನಾಲ್ಕು ನಟ್ಟಿನಲ್ಲಿ ಎರಡು ಇರಲೇ ಇಲ್ಲ. ಕೆಳಗೆ ನದಿ ಸುಮ್ಮನೆ ಹರಿಯುತ್ತಿತ್ತು. ಪುಟ್ಟಿ ಹಿಂದಿನ ಸೀಟಿನಲ್ಲಿ ಇದ್ದಿದ್ದರೆ ಎಂಬ ಯೋಚನೆ ಬಂದದ್ದೇ ತಡ, ಅವಳು ರಸ್ತೆಯ ಅಂಚಿಗೆ ಕೂತು ಗೊಳೋ ಎಂದು ಅತ್ತಳು.

ಗ್ಯಾರೇಜಿನವನು ಸೇತುವೆಗೇ ಬಂದ. ಅವತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ಹಿಂದಿನ ಎಡ ಚಕ್ರಕ್ಕೆ ಕೈಹಾಕಿದ. ನಟ್ಟುಗಳು ಬೆರಳಿಗೇ ತಿರುಗಿದವು. ಬಲಗಡೆಗೆ ಹೋಗಿ ಸ್ಪ್ಯಾನರು ಹಾಕಿ ಜಗ್ಗಿದ, ಮಿಸುಕಲಿಲ್ಲ. ಕಾಲಿಟ್ಟು ತುಳಿದ, ಆಗಲೂ ಮಿಸುಕಲಿಲ್ಲ.

"ಅಕ್ಕ, ತಪ್ಪು ನಂದೂ ಇದೆ. ನಟ್ಟೆಲ್ಲ ಗಾಳಿ ಗನ್ನಲ್ಲಿ ಬಿಚ್ಚಿ ಗಾಳಿ ಗನ್ನಲ್ಲೇ ಹಾಕ್ತಿದ್ದೆ, ಸಡಿಲ ಇದ್ದದ್ದು ಕೈಗೇ ಗೊತ್ತಾಗಲಿಲ್ಲ. ಪ್ರತಿ ಸಲ ನಾನು ಸರಿಮಾಡಿದ್ದು ಬ್ಯಾಲೆನ್ಸಲ್ಲ, ನಟ್ಟು ಬಿಗಿಯಾಗ್ತಿತ್ತು ಅಷ್ಟೇ." ಅವನು ದನಿ ತಗ್ಗಿಸಿದ. "ಎಡಗಡೆ ಎರಡೂ ಚಕ್ರ ಸಡಿಲ. ಬಲಗಡೆ ಎರಡೂ ನಾನು ಮಾಡಿದ್ದಕ್ಕಿಂತ ಬಿಗಿ. ತಾನಾಗೇ ಹೀಗಾಗಲ್ಲ. ಯಾರೋ ಮಾಡ್ತಿದಾರೆ. ಆದರೆ ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಬಿಗಿ ಮಾಡೋರು ಯಾರು, ಯಾಕೆ, ಅದು ನನಗೆ ಹೊಳೀತಿಲ್ಲ."

ಕಳೆದುಹೋದ ಎರಡಕ್ಕೆ ಹೊಸದು ಹಾಕಿ, ಎಲ್ಲ ನಟ್ಟುಗಳನ್ನೂ ಕೈಯಿಂದಲೇ ಬಿಗಿ ಮಾಡಿ, ಒಂದೊಂದಕ್ಕೂ ನಟ್ಟಿನಿಂದ ಚಕ್ರದವರೆಗೆ ಬಿಳಿ ಬಣ್ಣದ ಸಣ್ಣ ಗೆರೆ ಎಳೆದುಕೊಟ್ಟ. "ಗೆರೆ ನೇರ ಇದ್ರೆ ಹತ್ತಿ. ತುಂಡಾಗಿದ್ರೆ ಹತ್ತಬೇಡಿ."

ಅವತ್ತು ರಾತ್ರಿ ಬ್ರೆಡ್ಡಿನ ತಟ್ಟೆ ಮುಟ್ಟುವ ಮೊದಲೇ ಅವಳು ಸ್ಫೋಟಿಸಿದಳು.

"ನನ್ನ ಕಾರಿನ ನಟ್ಟು ಯಾರು ಬಿಚ್ಚಿದ್ದು?"

ಗಂಡ ಕಕ್ಕಾಬಿಕ್ಕಿಯಾದ. "ಬಿಚ್ಚೋದು ಅಂದ್ರೆ?"

"ಬಿಚ್ಚೋದು ಅಂದ್ರೆ ಬಿಚ್ಚೋದು. ಈ ಓಣಿಗೆ ಹೊರಗಿನವರು ಬರಲ್ಲ, ಗೇಟಿಗೆ ಬೀಗ ಇರತ್ತೆ. ಈ ಮನೇಲಿ ಸ್ಪ್ಯಾನರು ಹಿಡಿಯಕ್ಕೆ ಬರೋರು ಎಷ್ಟು ಜನ?" ಅವಳ ಕಣ್ಣು ಮೈದುನನ ಮೇಲಿತ್ತು. "ಎಲ್ಲಾದ್ರೂ ಒಯ್ದು ಬಿಸಾಕ್ಲಿ ಅಂದಿದ್ದೆಯಲ್ಲ ಅವತ್ತು. ಬಿಸಾಕ್ತು. ಇವತ್ತು ನದಿ ಒಂದು ಗೇಣು ದೂರ ಇತ್ತು."

"ಅತ್ತಿಗೆ! ಅದು ಬಾಯಿಮಾತು."

"ಬಾಯಿಮಾತಿಗೆ ನಟ್ಟು ಬಿಚ್ಚಿಹೋಗಲ್ಲ."

"ಅಣ್ಣಾ, ನೀನಾದ್ರೂ ಹೇಳೋ. ನಾನು ಅಂಥವನಾ?"

ಗಂಡ ತಟ್ಟೆಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತು ನೋಡಿದನೆಂದರೆ ಅದೇ ಉತ್ತರವಾಯಿತು.

"ಅಮ್ಮಾ?" ಎಂದ ಮೈದುನ.

ಅತ್ತೆ ನೀರಿನ ಲೋಟ ಎತ್ತಿ ಕುಡಿದರು. ಲೋಟ ಕೆಳಗಿಡುವಾಗ ಅದು ಮೇಜಿಗೆ ಎರಡು ಸಲ ತಾಗಿತು.

ಮಾತಾಡಿದವರು ಮಾವ. ಅವರ ಮುಖ ಕೆಂಪಾಗಿತ್ತು. ಇಷ್ಟು ದಿನದಲ್ಲಿ ಅವರನ್ನು ಇಷ್ಟು ಎಚ್ಚರವಾಗಿ ಯಾರೂ ಕಂಡಿರಲಿಲ್ಲ. "ಚಕ್ರದ ನಟ್ಟು ಬಿಚ್ಚೋನು ಮನುಷ್ಯನೇ ಅಲ್ಲ. ಡಿಪೋದಲ್ಲಿ ಅಂಥವನನ್ನ ಗೇಟಿನೊಳಗೆ ಬಿಡ್ತಿರಲಿಲ್ಲ. ನೀನು ಹೆದರಬೇಡಮ್ಮ. ನಾನಿರೋವರೆಗೆ ನಿನ್ನ ಚಕ್ರ ಕದಲಕ್ಕೆ ಬಿಡಲ್ಲ."

ಅಪ್ಪನ ಬಾಯಿಂದಲೂ ಅದು ಬಂದ ಮೇಲೆ ಮೈದುನ ಎದ್ದ. ಅರ್ಧ ಗಂಟೆಯಲ್ಲಿ ಚೀಲ ತುಂಬಿ, ಚಪ್ಪಲಿ ಮೆಟ್ಟಿ, ಅಕ್ಕಪಕ್ಕದವರಿಗೆ ಕೇಳದ ಹಾಗೆ ಬಾಗಿಲು ಎಳೆದುಕೊಂಡು ಹೋದ. ದೂರದ ಊರಿನಲ್ಲಿ ಗೆಳೆಯನ ರೂಮಿದೆ ಎಂದು ಮರುದಿನ ಅಣ್ಣನಿಗೆ ಒಂದೇ ಒಂದು ಸಾಲು ಬರೆದ. ಅವನ ತಟ್ಟೆಯ ಬ್ರೆಡ್ಡನ್ನು ಅತ್ತೆ ಬೆಳಗಿನವರೆಗೂ ಮೇಜಿನ ಮೇಲೇ ಬಿಟ್ಟಿದ್ದರು.

ಸೊಸೆಗೆ ಮನಸ್ಸು ಹಗುರಾಯಿತೇ? ಹಗುರಾಗಬೇಕಿತ್ತು. ಎರಡು ದಿನ ಗೆರೆಗಳು ನೇರವಾಗಿದ್ದವು. ಆ ಎರಡು ದಿನ ಮಳೆ ಹಿಡಿದಿತ್ತು. ಮೂರನೆಯ ದಿನ ಬಿಸಿಲು ಬಂತು. ಅವಳು ಎಂದಿನಂತೆ ಬಗ್ಗಿ ನೋಡಿದಳು.

ಎಡಗಡೆಯ ಎಂಟೂ ಗೆರೆಗಳು ತುಂಡಾಗಿದ್ದವು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಚಕ್ರದ ಮೇಲಿನ ತುಂಡು ಇನ್ನೊಂದು ಕಡೆ. ಬಲಗಡೆಗೆ ಹೋದಳು. ಅಲ್ಲಿ ಗೆರೆಗಳು ಎಳ್ಳಷ್ಟು ಮುಂದಕ್ಕೆ, ಬಿಗಿಯ ಕಡೆಗೆ ಸರಿದಿದ್ದವು. ಗೇಟಿನ ಬೀಗ ಹಾಕಿದ ಹಾಗೇ ಇತ್ತು. ಮೈದುನ ಇದ್ದದ್ದು ಆರು ಗಂಟೆ ಪ್ರಯಾಣದ ಊರಿನಲ್ಲಿ. ಓಣಿಯ ಎರಡೂ ತುದಿ ನೋಡಿದಳು, ಗೋಡೆ ನೋಡಿದಳು, ತಲೆಯೆತ್ತಿ ತನ್ನದೇ ಹೊಲಿಗೆ ಕೋಣೆಯ ಕಿಟಕಿ ನೋಡಿದಳು. ಯಾರನ್ನೋ ಮನೆಯಿಂದ ಓಡಿಸಿದ್ದೇನೆ, ಯಾರೋ ಇನ್ನೂ ಮನೆಯೊಳಗೇ ಇದ್ದಾರೆ, ಎನಿಸಿತು. ಗಂಡನಿಗೆ ಹೇಳಿದರೆ, "ನೀನೇ ಸರಿಯಾಗಿ ನೋಡಿಲ್ಲ," ಎಂದ.

ಅವತ್ತಿಡೀ ದಿನ ಅವಳು ಬಸ್ಸಿನಲ್ಲಿ ಓಡಾಡಿದಳು, ಹೆಗಲ ಮೇಲೆ ಪರದೆ ಕಂಬಿ ಹೊತ್ತು. ಸಂಜೆ ಸ್ಪ್ಯಾನರು ಹಿಡಿದು ಎಲ್ಲವನ್ನೂ ತಾನೇ ಬಿಗಿ ಮಾಡಿ ಹೊಸ ಗೆರೆ ಎಳೆದಳು. ಮರುದಿನ ಗಂಡನಿಗೆ ಬೆಳಗಿನ ಪಾಳಿ. ಅವನು ಹೊರಟ ಮೇಲೆ ಮಲಗದೆ, ಮೇಲಿನ ಕೋಣೆಗೆ ಹೋಗಿ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನಲ್ಲಿ ಕೂತಳು. ಕಿಟಕಿಗೆ ಅವಳೇ ಹೊಲಿದ ಪರದೆ. ಎರಡು ಬೆರಳಿನಷ್ಟು ಸಂದು ಬಿಟ್ಟು ಕೆಳಗಿನ ಓಣಿಗೆ ಕಣ್ಣಿಟ್ಟಳು.

ಬೆಳಕು ಆಗಷ್ಟೇ ಹರಿದಿತ್ತು. ಹಿಂಬಾಗಿಲು ತೆರೆದು ಮಾವ ಹೊರಬಂದರು. ಡಿಪೋದ ನೀಲಿ ಕೋಟು ಮೈಮೇಲಿತ್ತು. ಅದು ಎಂದೋ ಹರಿದು ಹೋಗಿದೆ ಎಂದು ಅವಳು ತಿಳಿದಿದ್ದಳು. ಒಂದು ಕೈಯಲ್ಲಿ ಪುಟ್ಟ ಸುತ್ತಿಗೆ, ಇನ್ನೊಂದರಲ್ಲಿ ಉದ್ದನೆಯ ಸ್ಪ್ಯಾನರು. ದಿನವೂ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುವ ಮನುಷ್ಯ ಈಗ ಒಂದೇ ಒಂದು ಹೆಜ್ಜೆ ತಡವರಿಸಲಿಲ್ಲ. ಬಲ ಮುಂದಿನ ಚಕ್ರದ ಬಳಿ ಮಂಡಿಯೂರಿದರು. ಠಣ್, ಠಣ್, ಠಣ್, ಠಣ್. ಕಿವಿ ಕೊಟ್ಟು ಕೇಳಿ, ಸ್ಪ್ಯಾನರು ಹಾಕಿ ಬಲಕ್ಕೆ ಜಗ್ಗಿದರು. ಬಲಗಡೆಯ ಎರಡೂ ಮುಗಿಸಿ, ಕಾರನ್ನು ಸುತ್ತಿ ಎಡಗಡೆಗೆ ಬಂದರು. ಠಣ್, ಠಣ್. ಸ್ಪ್ಯಾನರು ಹಾಕಿದರು. ಮೈಭಾರವೆಲ್ಲ ಬಿಟ್ಟು, ಹಲ್ಲು ಕಚ್ಚಿ, ಎಡಕ್ಕೆ ತಿರುಗಿಸಿದರು.

ಅವಳು ಎದ್ದು ಓಡಬೇಕೆನ್ನುವಷ್ಟರಲ್ಲಿ ಹಿಂಬಾಗಿಲ ಹೊಸಿಲಲ್ಲಿ ಇನ್ನೊಬ್ಬರು ಕಂಡರು. ಅತ್ತೆ, ಕೈಯಲ್ಲಿ ಗಂಡನ ಟೀ ಲೋಟ ಹಿಡಿದು ನಿಂತಿದ್ದರು. ಅವರು ನೋಡುತ್ತಿದ್ದುದು ಗಂಡನನ್ನಲ್ಲ. ಬೆನ್ನು ತಿರುಗಿಸಿ, ಮನೆಯೊಳಗಿನಿಂದ ಯಾರಾದರೂ ಎದ್ದು ಬರುತ್ತಾರೇನೋ ಎಂದು ಕಾವಲು ಕಾಯುತ್ತಿದ್ದರು.

ಅವಳು ಇಳಿದು ಬರುವುದನ್ನು ಕಂಡು ಅತ್ತೆ ಹೊಸಿಲಿಗೆ ಅಡ್ಡ ನಿಂತರು. ಸೊಸೆ ಅವರನ್ನು ದಾಟಿ ನೇರವಾಗಿ ಮಾವನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

"ಮಾವ, ಏನು ಮಾಡ್ತಿದೀರ?"

"ಬಿಗಿ ಮಾಡ್ತಿದೀನಮ್ಮ. ಯಾರೋ ದಿನಾ ಬಂದು ಬಿಚ್ತಾನಂತಲ್ಲ."

"ಬಲಗಡೆದು ಬಲಕ್ಕೆ ತಿರುಗಿಸಿದ್ರಿ. ಇದನ್ನ ಯಾಕೆ ಎಡಕ್ಕೆ?"

ಮಾವ ಪ್ರೀತಿಯಿಂದ ನಕ್ಕರು. ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಇದೇ ಕೇಳುತ್ತಿದ್ದರೇನೋ. "ಎಡಗಡೆ ಚಕ್ರ ಎಡಕ್ಕೇ ಬಿಗಿಯಾಗೋದು ಕಣಮ್ಮ. ಚಕ್ರ ಉರುಳ್ತಾ ಉರುಳ್ತಾ ನಟ್ಟು ತಾನೇ ಬಿಚ್ಕೋಬಾರದು ಅಂತ ಆ ಕಡೆದಕ್ಕೆ ಉಲ್ಟಾ ಥ್ರೆಡ್ಡು ಕೊಟ್ಟಿರ್ತಾರೆ. ನಮ್ಮ ಬಸ್ಸೆಲ್ಲಾ ಹಾಗೇ. ಗೊತ್ತಿಲ್ಲದೋನು ಬಲಕ್ಕೆ ತಿರುಗಿಸಿ ಮೂವತ್ತು ಜನರ ಪ್ರಾಣ ತೆಗೀತಾನೆ." ಅವರು ಬೆರಳು ತೋರಿಸಿ ಲೆಕ್ಕ ಹೇಳಿದರು. "ನೋಡು, ಇವತ್ತು ಎರಡು ಸುತ್ತು ಬಂತು. ಮೊನ್ನೆ ನಾಲ್ಕು ಬಂದಿತ್ತು. ಬಿಚ್ಚೋನು ಬಹಳ ಗಟ್ಟಿಗ, ನಾನು ಎಷ್ಟು ಬಿಗಿ ಮಾಡಿದ್ರೂ ಮಾರನೇ ದಿನ ಸಡಿಲ. ಇರಲಿ. ಒಂದಲ್ಲ ಒಂದು ದಿನ ನನ್ನ ಕೈಗೆ ಸಿಕ್ತಾನೆ."

ಬಸ್ಸಿಗೆ ಅದು ನಿಜ; ಈ ಕಾರಿನಲ್ಲಿ ಮಾತ್ರ ನಾಲ್ಕೂ ಚಕ್ರದ ನಟ್ಟುಗಳು ಬಲಕ್ಕೇ ಬಿಗಿಯಾಗುತ್ತಿದ್ದವು. ಅವರ ಕಣ್ಣಲ್ಲಿ ಮಗುವಿನಂಥ ಹುರುಪಿತ್ತು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. "ಟೀ ಆರತ್ತೆ ಮಾವ, ಕುಡೀರಿ," ಎಂದು, ಲೋಟ ಅವರ ಕೈಗೆ ಕೊಡಿಸಿ, ಅತ್ತೆಯನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು. ಪುಟ್ಟಿ ಒಳಗೆ ಇನ್ನೂ ಮಲಗಿದ್ದಳು.

"ಯಾವಾಗಿಂದ ಗೊತ್ತು ನಿಮಗೆ?"

"ಮೆಲ್ಲಗೆ ಮಾತಾಡು."

"ಯಾವಾಗಿಂದ ಅತ್ತೆ?"

"ಮೊದಲು ಕಾರು ಒರೆಸಕ್ಕೆ ಹೋಗ್ತಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಒಂದು ಕೆಲಸ ಸಿಕ್ಕಿದ ಮೇಲೆ ಇಡೀ ದಿನ ಶಾಂತವಾಗಿರ್ತಿದ್ರು. ಸರಿ, ಇರಲಿ ಅಂತ ಬಿಟ್ಟೆ. ನೀನು ಎರಡನೇ ಸಲ ಗ್ಯಾರೇಜಿಗೆ ಹೋದಾಗ ಅನುಮಾನ ಬಂತು." ಅತ್ತೆ ಸೆರಗಿನಿಂದ ಒಲೆಯ ಕಟ್ಟೆ ಒರೆಸುತ್ತಿದ್ದರು. ಅದು ಆಗಲೇ ಒರೆಸಿದ್ದ ಕಟ್ಟೆ. "ಸೇತುವೆದು ಆಯ್ತಲ್ಲ, ಅದರ ಹಿಂದಿನ ದಿನ ಕೋಟು ಒಗಿಯೋವಾಗ ಜೇಬಲ್ಲಿ ಒಂದು ನಟ್ಟು ಸಿಕ್ತು."

"ಹಿಂದಿನ ದಿನ?"

"ಹೂಂ."

"ಅಂದ್ರೆ ನಾನು ಬೆಳಿಗ್ಗೆ ಕಾರು ಹತ್ತೋವಾಗ ನಿಮಗೆ ಗೊತ್ತಿತ್ತು."

"ಹೇಳ್ಬೇಕು ಅಂತ ಬಾಯಿಗೆ ಬಂತು. ಅಷ್ಟರಲ್ಲಿ ಆ ಅರ್ಜಿ ನೆನಪಾಯ್ತು. ಅಲ್ಲಿ ಹೋದ್ರೆ ಅವರು ಒಂದು ತಿಂಗಳು ಬದುಕಲ್ಲ ಕಣೇ. ನಾನು ಯಾರು ಅಂತಲೂ ಮರೆತುಹೋಗತ್ತೆ."

"ನಿಮ್ಮ ಚಿಕ್ಕ ಮಗ ಮನೆ ಬಿಟ್ಟು ಹೋಗೋವಾಗಲೂ ಸುಮ್ಮನಿದ್ರಿ."

"ಅವನಿಗೆ ವಯಸ್ಸಿದೆ. ಎಲ್ಲಾದ್ರೂ ಬದುಕ್ತಾನೆ."

"ಪುಟ್ಟಿನ ಆ ಮಂಡಿ ನೋವಲ್ಲೇ ನಡೆಸ್ಕೊಂಡು ಹೋದ್ರಿ."

"ಮಗು ಅಲ್ವೇನೇ ಅದು."

"ನಾನು?"

ಅತ್ತೆಯ ಕೈ ಕಟ್ಟೆಯ ಮೇಲೆ ನಿಂತಿತು. "ನೀನು ಗಾಡಿ ಓಡಿಸೋದ್ರಲ್ಲಿ ಗಟ್ಟಿ. ಅಲ್ಲಾಡಿದ ತಕ್ಷಣ ನಿಲ್ಲಿಸ್ತೀಯ ಅಂದ್ಕೊಂಡೆ," ಎಂದರು. ಹೇಳಿದವರಿಗೂ ಆ ಮಾತು ಸಾಲದು ಎಂದು ಗೊತ್ತಿತ್ತು.

ಹತ್ತು ವರ್ಷ ಅವಳು ಆ ಅಡಿಗೆಮನೆಯಲ್ಲಿ ಆ ಹೆಂಗಸಿನ ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚಿದ್ದಳು. ಹೆರಿಗೆಯಲ್ಲಿ ಅವಳ ತಲೆ ಒತ್ತಿ ಹಿಡಿದವರು, ಜ್ವರದಲ್ಲಿ ಎರಡು ದಿನ ಊಟ ಬಿಟ್ಟು ಕೂತವರು ಇವರೇ. ಯಾರೋ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾರೆ ಎಂದು ನಾಲ್ಕು ದಿನ ಹೆದರಿದ್ದಳು. ಹಾಗೆ ಯಾರೂ ಇರಲಿಲ್ಲ. ಯಾರ ಜೀವ ಹೆಚ್ಚೆಂದು ತೂಗಿ ನೋಡಿದವರು ಒಬ್ಬರಿದ್ದರು, ಅಷ್ಟೇ. ಅದರಿಂದ ಅವಳಿಗೆ ಹೆಚ್ಚು ನೋವಾಯಿತು.

ಅವಳು ಗೂಟದಿಂದ ಕಾರಿನ ಕೀಲಿ ತೆಗೆದುಕೊಂಡಳು. "ಮಾವನ್ನ ಎಲ್ಲಿಗೂ ಕಳಿಸಲ್ಲ. ಅದಕ್ಕೆ ನಾನು ನಿಮ್ಮ ದೊಡ್ಡ ಮಗನ ಹತ್ರ ಜಗಳ ಆಡ್ತೀನಿ. ಆದರೆ ಈಗ ಬನ್ನಿ ನನ್ನ ಜೊತೆ."

"ಎಲ್ಲಿಗೆ?"

"ಓಣಿ ಕೊನೆವರೆಗೆ."

ಮುಂದಿನ ಎಡ ಬಾಗಿಲನ್ನು ಅವಳೇ ತೆಗೆದು ಹಿಡಿದಳು. ಅತ್ತೆ ಕೆಳಗೆ ಚಕ್ರ ನೋಡಿದರು, ಗಂಡನನ್ನು ನೋಡಿದರು. ಮಾವ ಸ್ಪ್ಯಾನರನ್ನು ಕೋಟಿಗೆ ಒರೆಸುತ್ತ ಸಡಗರದಿಂದ ಮುಂದೆ ಬಂದರು. "ಹೋಗ್ಬಾ, ಹೋಗ್ಬಾ. ಏನೂ ಹೆದರಿಕೆ ಇಲ್ಲ. ನಾನೇ ಬಿಗಿ ಮಾಡಿದೀನಿ."

ಅತ್ತೆ ಕೂತರು. ಮಂಡಿಯ ಮೇಲೆ ಎರಡೂ ಕೈ ಜೋಡಿಸಿಕೊಂಡರು. ಸೊಸೆ ಕಾರು ಚಾಲೂ ಮಾಡಿ, ಮನುಷ್ಯರು ನಡೆಯುವ ವೇಗದಲ್ಲಿ ಬಿಟ್ಟಳು. ಮೊದಲ ಹತ್ತು ಮಾರು ಸದ್ದಿಲ್ಲ. ಆಮೇಲೆ ಅತ್ತೆಯ ಪಾದದ ಕೆಳಗೆ ಟಕ್ ಎಂದಿತು. ಮತ್ತೆ ಟಕ್. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ಬಡಿತ. ಸೀಟು ನಡುಗಿತು, ಬಾಗಿಲು ನಡುಗಿತು, ಅತ್ತೆಯ ಕೈಬಳೆ ಸಣ್ಣಗೆ ಗಲಗಲಿಸತೊಡಗಿತು. ಅವರು ಬಾಗಿಲ ಹಿಡಿ ಹಿಡಿದುಕೊಂಡರು.

"ದಿನಾ ಹೀಗೇನಾ?"

"ದಿನಾ. ಸೇತುವೆ ಮೇಲೂ."

"ನಿಲ್ಸು."

ಅವಳು ನಿಲ್ಲಿಸಲಿಲ್ಲ. ಓಣಿಯ ಕೊನೆವರೆಗೂ ಹಾಗೇ ಕರೆದುಕೊಂಡು ಹೋಗಿ, ಅಲ್ಲಿ ನಿಲ್ಲಿಸಿ ಇಂಜಿನು ಆರಿಸಿದಳು. ಬಡಿತ ನಿಂತರೂ ಅತ್ತೆ ಬಾಗಿಲ ಹಿಡಿ ಬಿಡಲಿಲ್ಲ. ಸೊಸೆ ಡಿಕ್ಕಿಯಿಂದ ಸ್ಪ್ಯಾನರು ತಂದು ಎಡ ಚಕ್ರದ ಪಕ್ಕ ಕೂತಳು.

"ಫೋನು ಕೊಡು," ಎಂದರು ಅತ್ತೆ ಕಿಟಕಿಯಿಂದ. "ಚಿಕ್ಕೋನಿಗೆ ಹಚ್ಚಿ ಕೊಡು."

ಹಚ್ಚಿ ಕೊಟ್ಟಳು. ಆಚೆಯಿಂದ ಮೈದುನನ ಗಂಟುಮೋರೆಯ ದನಿ ಹೊರಗೂ ಕೇಳಿತು. "ಏನತ್ತಿಗೆ, ಇನ್ನೇನು ಬಾಕಿ ಇದೆ?"

"ನಾನು ಕಣೋ, ಅಮ್ಮ. ಮನೆಗೆ ಬಾ. ನೀನಲ್ಲ ಅಂತ ಗೊತ್ತಾಯ್ತು."

"ಮತ್ಯಾರು?"

ಅತ್ತೆ ಓಣಿಯ ಆ ತುದಿಗೆ ನೋಡಿದರು. ನೀಲಿ ಕೋಟು ಇನ್ನೂ ಹಿಂಬಾಗಿಲ ಮುಂದೆಯೇ ನಿಂತಿತ್ತು, ಬಸ್ಸು ಯಾಕೆ ಮುಂದೆ ಹೋಗಲಿಲ್ಲ ಎಂದು ಕತ್ತು ಚಾಚಿ ನೋಡುತ್ತಿತ್ತು.

"ಯಾರಮ್ಮಾ? ಯಾರು ಬಿಚ್ಚಿದ್ದು?"

"ನಾನು," ಎಂದರು ಅತ್ತೆ. "ಬಿಚ್ಚಿದ್ದು ನಾನು ಕಣೋ."

ಸೊಸೆ ತಲೆಯೆತ್ತಿದಳು. ಅತ್ತೆ ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದರು, ಕಣ್ಣು ತಪ್ಪಿಸಲಿಲ್ಲ. ಅಲ್ಲ ಎಂದು ಕೂಗಿ ಹೇಳಿದ್ದರೆ ಫೋನಿಗೆ ಕೇಳುವಷ್ಟು ಹತ್ತಿರದಲ್ಲೇ ಅವಳಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಆಮೇಲೆ ತಲೆ ತಗ್ಗಿಸಿ, ಸ್ಪ್ಯಾನರನ್ನು ನಟ್ಟಿಗೆ ಹಾಕಿ, ಮೈಭಾರವೆಲ್ಲ ಬಿಟ್ಟು ಬಲಕ್ಕೆ ತಿರುಗಿಸಿದಳು. ಅದು ಬಿಗಿಯಾಯಿತು. ಆ ಚಕ್ರದಲ್ಲಿ ಇನ್ನು ಮೂರು ಉಳಿದಿದ್ದವು.